ಕೋಣನಕುಂಟೆಯ ಮನೆ: ಸೈನಿಕನು ತೆಗೆದ ಚಿತ್ರ

ಯುದ್ಧದ ಕಥೆಯನ್ನು ಚಿತ್ರವಾಗಿಸುವವರು ಬಹುಮಂದಿ. ಅವರಲ್ಲಿ ಸ್ವತಃ ಬಂದೂಕು ಹಿಡಿದವರು ವಿರಳ. ಅಮೇರಿಕೆಯ ಆಲಿವರ್ ಸ್ಟೋನ್ ಎಂಬವರು ವಿಯಟ್ನಾಮಿನಲ್ಲಿ ಕಾದಾಡಿ ಗಾಯಗೊಂಡು ಬಂದು, 1986ರಲ್ಲಿ ‘ಪ್ಲಟೂನ್’ ಚಿತ್ರವನ್ನು ತೆಗೆದರು. ಅದೇ ಬಗೆಯ ಚಿತ್ರವೊಂದು ನಮ್ಮ ನೆರೆಯ ಮಲಯಾಳದಲ್ಲಿಯೂ ಉಂಟು. ಅದರ ಕಥೆ ಕೊನೆಗಾಣುವುದಾದರೋ ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ.

2007ರಲ್ಲಿ ತೆರೆಕಂಡ ಆ ಚಿತ್ರದ ಹೆಸರು ‘ಮಿಷನ್ 90 ಡೇಸ್’. ಅದರ ನಿರ್ದೇಶಕರಾದ ಮೇಜರ್ ರವಿಯವರು ಒಂದು ಕಾಲಕ್ಕೆ ರಾಷ್ಟ್ರೀಯ ಭದ್ರತಾ ದಳದ ಅಧಿಕಾರಿ. ಅವರ ಅನುಭವವನ್ನು ಚಿತ್ರದಲ್ಲಿ ಮೇಜರ್ ಶಿವರಾಮನೆಂಬ ಪಾತ್ರವು ಹೊತ್ತಿದೆ, ನಟರು ಮಮ್ಮೂಟಿ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ ಗಾಂಧಿಯವರ ಹತ್ಯೆಯಾಯಿತಷ್ಟೆ. ಹಂತಕರ ಬೇಟೆಯು ಆಗಸ್ಟ್ 20ರ ಬೆಳಗಿನ ಜಾವ ಕೋಣನಕುಂಟೆಯ ಒಂದು ಮನೆಯಲ್ಲಿ ಮುಗಿಯಿತು. ಒಳಗೆ ಏಳು ಹೆಣಗಳು. ಶಿವರಾಸನ್ ಗುಂಡು ಹಾರಿಸಿಕೊಂಡಿದ್ದನು. ಉಳಿದವರು ಸಯನೈಡ್ ನುಂಗಿದ್ದರು. ಅಂದು ರಾಜೀವರ ಜನ್ಮದಿನವೂ ಆಗಿತ್ತು.

ಗಡಿಯಿಲ್ಲದ, ಫಿರಂಗಿಯಿಲ್ಲದ ಇದನ್ನು ಯುದ್ಧಚಿತ್ರವೆನ್ನಬಹುದೇ ಎಂದು ಕೆಲವರು ಕೇಳಬಹುದು. ಎನ್ನಬಹುದೆಂದೇ ನನ್ನ ಮತ. 1987ರಿಂದ 1990ರವರೆಗೆ ಲಂಕೆಯಲ್ಲಿ ನಮ್ಮ ಸೇನೆಗೂ ಹುಲಿಗಳಿಗೂ ನಡೆದ ಕಾಳಗದ ಕಿಡಿಯೇ ಇಲ್ಲಿಗೆ ಹಾರಿ ಬಂದಿತ್ತು. ಕಾಳಗಕ್ಕಿಂತಲೂ ಮನಸ್ಸನ್ನು ಹಿಡಿಯುವುದು ಕಾಯುವಿಕೆ. ಮನೆಯನ್ನು ಸುತ್ತಿ ನಿಂತವರು ನುಗ್ಗಲು ಸಿದ್ಧರು. ಆದರೆ ಮೇಲಿನವರ ಅಪ್ಪಣೆಯಿಲ್ಲ. ಜೀವಸಹಿತ ಹಿಡಿಯಬೇಕೆಂಬುದು ಸರಕಾರದ ಆಸೆ. ಗಂಟೆಗಳು ಉರುಳುತ್ತವೆ, ಒಳಗಿದ್ದವರ ಬಳಿ ವಿಷವಿದೆ. ಹೊರಗೆ ನಿಂತ ಯೋಧನ ಕುದಿಯನ್ನು ಪುಸ್ತಕ ಓದಿ ಬರೆಯುವವನು ಇಷ್ಟು ಬಲ್ಲನೆ?

ಆದರೆ ಅನುಭವಿಯ ಕಣ್ಣಿಗೂ ಗೋಡೆ ಅಡ್ಡವಾಗುತ್ತದೆ. ಒಳಗಿನ ಕಥೆಗೆ ಕನ್ನಡದ್ದೇ ಚಿತ್ರವಿದೆ: ಎ.ಎಂ.ಆರ್. ರಮೇಶರು 2006ರಲ್ಲಿ ತೆಗೆದ ‘ಸಯನೈಡ್’. ಮನೆಗೆ ಬಂದ ಅತಿಥಿಗಳು ಯಾರೆಂದು ತಿಳಿದ ಗೃಹಿಣಿಯ ತಳಮಳವನ್ನು ತಾರಾ ಅವರು ಅಲ್ಲಿ ಅಭಿನಯಿಸಿದ್ದಾರೆ. ಎರಡನ್ನೂ ನೋಡಿದವರಿಗೇ ಆ ಮನೆ ಪೂರ್ತಿ ಕಂಡೀತು.

ಪುತ್ತೂರು, ಸುಳ್ಯ, ಕಡಬದ ಕಡೆ ಮಲಯಾಳ ಬಲ್ಲ ಮನೆಗಳು ಹಲವು. ಅಲ್ಲಿ ಮಕ್ಕಳೊಡನೆ ಈ ಚಿತ್ರ ನೋಡಿದರೆ ಒಂದು ಪ್ರಶ್ನೆ ಏಳಬಹುದು: “ನಮ್ಮ ರಬ್ಬರ್ ತೋಟದ ಲಂಕೆಯವರೂ ಇವರ ಪೈಕಿಯೇ?” ಚಿತ್ರವು ಇದಕ್ಕೆ ಉತ್ತರಿಸದು, ಮನೆಯ ಹಿರಿಯರೇ ಹೇಳಬೇಕು. ಹುಲಿಗಳು ಕಾದಿದ್ದು ದ್ವೀಪದ ಉತ್ತರ, ಪೂರ್ವ ಭಾಗಗಳಿಗಾಗಿ. ನಮ್ಮ ನೆರೆಯವರ ಹಿರಿಯರಾದರೋ ಆಂಗ್ಲರ ಕಾಲದಲ್ಲಿ ತಮಿಳುನಾಡಿನಿಂದ ಮಧ್ಯದ ಗುಡ್ಡಗಳ ಕಾಫಿ, ಚಹಾ ತೋಟಗಳಿಗೆ ಕೂಲಿಗಾಗಿ ಹೋದವರು. 1948ರ ಪೌರತ್ವದ ಕಾನೂನು ಅವರನ್ನು ಯಾವ ದೇಶಕ್ಕೂ ಸಲ್ಲದವರನ್ನಾಗಿಸಿತು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಭಾರತಕ್ಕೆ ಮರಳಿದವರಲ್ಲಿ ಹಲವರು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಕೆಲಸಕ್ಕೆ ನಿಂತರು. ಅವರ ಮೊಮ್ಮಕ್ಕಳು ಇಂದು ನಮ್ಮ ಮಕ್ಕಳೊಡನೆಯೇ ಕನ್ನಡದಲ್ಲಿ ಪಾಠ ಓದುತ್ತಾರೆ.