ಕ್ಲೌಡ್ ರಾನ್: ಟವರ್‌ನ ಮಿದುಳು ಎಷ್ಟು ದೂರ ಹೋಗಬಲ್ಲದು?

ಮೊಬೈಲ್ ಟವರ್‌ನಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ. ಮೇಲೆ ಕೂತ ರೇಡಿಯೊ ಘಟಕ ಅಲೆಗಳನ್ನು ಕಳಿಸುತ್ತದೆ, ಹಿಡಿಯುತ್ತದೆ. ಬುಡದಲ್ಲಿರುವ ಬೇಸ್‌ಬ್ಯಾಂಡ್ ಪೆಟ್ಟಿಗೆ ಆ ಅಲೆಗಳಿಂದ ನಮ್ಮ ಮಾತು, ಡೇಟಾ ಬಿಡಿಸಿಕೊಡುತ್ತದೆ. ಯಾವ ಫೋನಿನ ಸರದಿ ಯಾವಾಗ ಎಂಬುದನ್ನೂ ಗೊತ್ತುಮಾಡುತ್ತದೆ. ಈ ಎರಡನೆಯ ಕೆಲಸವನ್ನು ಹಲವು ಟವರ್‌ಗಳಿಂದ ತೆಗೆದು ಒಂದೆಡೆ ಸರ್ವರ್‌ಗಳ ಮೇಲೆ ನಡೆಸುವುದೇ ಕ್ಲೌಡ್ ರಾನ್. ಚೀನಾ ಮೊಬೈಲ್‌ನ ಸಂಶೋಧಕರು 2010ರ ಹೊತ್ತಿಗೆ ಈ ವಿಚಾರವನ್ನು ಶ್ವೇತಪತ್ರವಾಗಿ ಮುಂದಿಟ್ಟರು. 5ಜಿ ಬಂದು, 6ಜಿಯ ಮಾತೂ ಶುರುವಾದ ಮೇಲೆ ಇದರ ಬಗ್ಗೆ ನಿರೀಕ್ಷೆ ಬೆಳೆದಿದೆ. ತಪ್ಪು ಕಲ್ಪನೆಗಳೂ ಬೆಳೆದಿವೆ.

ತಪ್ಪು ಕಲ್ಪನೆ: ಕ್ಲೌಡ್ ಅಂದಮೇಲೆ ಸರ್ವರ್ ಯಾವ ಊರಲ್ಲಿದ್ದರೂ ನಡೆಯುತ್ತದೆ.

ವಾಸ್ತವ: ನಡೆಯುವುದಿಲ್ಲ. ಇದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು. 4ಜಿಯಲ್ಲಿ ಫೋನು ಡೇಟಾವನ್ನು ಒಂದೊಂದು ಮಿಲಿಸೆಕೆಂಡಿನ ತುಣುಕಾಗಿ ಕಳಿಸುತ್ತದೆ. ಪ್ರತಿ ತುಣುಕಿಗೂ ‘ಸರಿಯಾಗಿ ಬಂತು’ ಅಥವಾ ‘ಮತ್ತೆ ಕಳಿಸು’ ಎಂಬ ಉತ್ತರ ನಾಲ್ಕನೆಯ ಮಿಲಿಸೆಕೆಂಡಿಗೆ ಹೊರಡಲೇಬೇಕು. ಅಂದರೆ ತುಣುಕನ್ನು ಬಿಡಿಸಿ, ತಪ್ಪು ಹುಡುಕಿ, ಉತ್ತರ ಸಿದ್ಧಮಾಡಲು ಸಿಗುವುದು ಸುಮಾರು 3 ಮಿಲಿಸೆಕೆಂಡ್. ಅದರ ಬಹುಪಾಲು ಲೆಕ್ಕಾಚಾರಕ್ಕೇ ಬೇಕು. ಫೈಬರ್‌ನಲ್ಲಿ ಬೆಳಕು ಒಂದು ಕಿಲೋಮೀಟರ್ ಸಾಗಲು ಸುಮಾರು 5 ಮೈಕ್ರೊಸೆಕೆಂಡ್ ಹಿಡಿಯುತ್ತದೆ, 20 ಕಿ.ಮೀ. ಹೋಗಿ ಬರಲು 200. ಅದಕ್ಕೇ ಬೇಸ್‌ಬ್ಯಾಂಡ್ ಕೇಂದ್ರವನ್ನು ಟವರ್‌ಗಳಿಂದ 20 ಕಿ.ಮೀ. ಆಸುಪಾಸಿನೊಳಗೆ ಇಡುವುದು ವಾಡಿಕೆ. ಬೆಂಗಳೂರಿನ ಟವರ್‌ನ ಲೆಕ್ಕವನ್ನು ಮುಂಬೈನಲ್ಲಿ ಮಾಡಲು ಹೊರಟರೆ, ಬೆಳಕು ಅಲ್ಲಿಗೆ ತಲುಪುವುದಕ್ಕೇ 4 ಮಿಲಿಸೆಕೆಂಡ್ ದಾಟುತ್ತದೆ. ಸರ್ವರ್ ಎಷ್ಟೇ ಚುರುಕಾಗಿರಲಿ, ಬೆಳಕಿನ ವೇಗವನ್ನು ಹೆಚ್ಚಿಸಲಾಗದು.

5ಜಿ ಮಾನದಂಡ ಈ ಬೇಸ್‌ಬ್ಯಾಂಡ್ ಕೆಲಸವನ್ನೇ ಸೀಳಿತು. ಅವಸರದ ಭಾಗ ‘ಡಿಯು’ ಎಂಬ ಘಟಕಕ್ಕೆ, ಕೆಲವು ಮಿಲಿಸೆಕೆಂಡ್ ತಡವಾದರೂ ಸಹಿಸುವ ಭಾಗ ‘ಸಿಯು’ ಎಂಬುದಕ್ಕೆ. ದೂರದ ಡೇಟಾ ಸೆಂಟರಿಗೆ ಹೋಗಬಹುದಾದದ್ದು ಸಿಯು ಮಾತ್ರ. ಅಮೆಜಾನ್‌ನ ಕ್ಲೌಡ್ ನೆಚ್ಚಿಕೊಂಡು 5ಜಿ ಕಟ್ಟಿದ ಅಮೆರಿಕದ ಡಿಶ್ ಕಂಪನಿಯೂ ಡಿಯುಗಳನ್ನು ಟವರ್‌ಗಳ ಹತ್ತಿರವೇ ಇರಿಸಿತು.

ತಪ್ಪು ಕಲ್ಪನೆ: ಟವರ್‌ನಿಂದ ಕೇಂದ್ರಕ್ಕೆ ಸಾಗುವುದು ನಾವು ಬಳಸಿದಷ್ಟೇ ಡೇಟಾ.

ವಾಸ್ತವ: ಹಳೆಯ ಪದ್ಧತಿಯಲ್ಲಿ ಸಾಗುವುದು ಬಿಡಿಸಿದ ಡೇಟಾ ಅಲ್ಲ, ಅಲೆಯ ಆಕಾರವೇ. 20 ಮೆಗಾಹರ್ಟ್ಸ್‌ನ, ಎರಡು ಆಂಟೆನಾದ ಒಂದು 4ಜಿ ಸೆಲ್ ತೆಗೆದುಕೊಳ್ಳಿ. ಪ್ರತಿ ಆಂಟೆನಾದ ಅಲೆಯನ್ನು ಸೆಕೆಂಡಿಗೆ 3 ಕೋಟಿ 7 ಲಕ್ಷ 20 ಸಾವಿರ ಸಲ ಅಳೆಯಬೇಕು. ಪ್ರತಿ ಅಳತೆಗೆ ಎರಡು ಸಂಖ್ಯೆ, ಒಂದೊಂದಕ್ಕೆ 15 ಬಿಟ್. ನಿಯಂತ್ರಣದ ಮಾಹಿತಿ ಸೇರಿಸಿ ಸಿಪಿಆರ್‌ಐ ಎಂಬ ಪದ್ಧತಿಯಲ್ಲಿ ಕಳಿಸಿದರೆ ಸೆಕೆಂಡಿಗೆ 2.4576 ಗಿಗಾಬಿಟ್ ಆಗುತ್ತದೆ. ಆ ಸೆಲ್ ಬಳಕೆದಾರರಿಗೆ ಕೊಡುವುದು ಗರಿಷ್ಠ 150 ಮೆಗಾಬಿಟ್! ನಡುರಾತ್ರಿ ಒಂದೂ ಫೋನು ಮಿಸುಕದಿದ್ದರೂ ಈ ಹರಿವು ಇಳಿಯುವುದಿಲ್ಲ. 100 ಮೆಗಾಹರ್ಟ್ಸ್, 64 ಆಂಟೆನಾದ 5ಜಿಗೆ ಇದೇ ಲೆಕ್ಕ ಹಾಕಿದರೆ 250 ಗಿಗಾಬಿಟ್ ಮೀರುತ್ತದೆ. ಹಾಗಾಗಿ 2017ರಲ್ಲಿ ಬಂದ ಇಸಿಪಿಆರ್‌ಐ, ಲೆಕ್ಕಾಚಾರದ ಒಂದು ಪಾಲನ್ನು ಮತ್ತೆ ಟವರ್ ಮೇಲಿನ ರೇಡಿಯೊ ಘಟಕಕ್ಕೇ ಒಪ್ಪಿಸಲು ದಾರಿಮಾಡಿತು. ಬಳಕೆ ಇಳಿದರೆ ಹರಿವೂ ಇಳಿಯುವಂತಾಯಿತು.

ಇಷ್ಟಾದರೂ ಫೈಬರ್ ಬೇಕೇ ಬೇಕು. ರಸ್ತೆ ಅಗೆಯುವ ಜೆಸಿಬಿ ಆ ಎಳೆಯನ್ನು ಕಡಿದರೆ, ಬದಲಿ ಮಾರ್ಗವಿಲ್ಲದ ಟವರ್‌ಗಳು ಒಟ್ಟಿಗೇ ಮೌನವಾಗುತ್ತವೆ. ಹೊಸ ತಂತ್ರಜ್ಞಾನದ ಭಾಷಣಗಳಲ್ಲಿ ಈ ಮಾತು ಬರಬೇಕಾದಷ್ಟು ಬರುವುದಿಲ್ಲ.

ತಪ್ಪು ಕಲ್ಪನೆ: ಕ್ಲೌಡ್‌ಗೆ ಹೋದರೆ ವಿದ್ಯುತ್ ಖರ್ಚು ತಾನಾಗಿ ಇಳಿಯುತ್ತದೆ.

ವಾಸ್ತವ: ಒಂದು ಉಳಿತಾಯವಂತೂ ನಿಜ. ಹಗಲಲ್ಲಿ ಕಚೇರಿ ಪ್ರದೇಶದಲ್ಲಿ ದಟ್ಟಣೆ, ರಾತ್ರಿ ಬಡಾವಣೆಗಳಲ್ಲಿ. ಎರಡಕ್ಕೂ ಒಂದೇ ಸರ್ವರ್ ಗುಂಪು ಇದ್ದರೆ ಯಂತ್ರಗಳು ಕಡಿಮೆ ಸಾಕು, ಟವರ್‌ಗೊಂದು ಎ.ಸಿ. ಕೊಠಡಿಯೂ ಬೇಡ. ಆದರೆ ವಿದ್ಯುತ್ತನ್ನು ಹೆಚ್ಚು ನುಂಗುವುದು ರೇಡಿಯೊ ಘಟಕದ ಪವರ್ ಆಂಪ್ಲಿಫೈಯರ್. ಅದು ಟವರ್ ಬಿಟ್ಟು ಕದಲುವುದಿಲ್ಲ. ಮೇಲಾಗಿ, ದೋಷ ತಿದ್ದುವ ಭಾರೀ ಲೆಕ್ಕಗಳನ್ನು ಅದಕ್ಕೆಂದೇ ಮಾಡಿದ ಚಿಪ್ ಕಡಿಮೆ ವಿದ್ಯುತ್ತಿನಲ್ಲಿ ಮುಗಿಸುತ್ತದೆ. ಸಾಮಾನ್ಯ ಸರ್ವರ್‌ಗೆ ಹೆಚ್ಚು ಬೇಕು. ಹೀಗಾಗಿಯೇ ಸರ್ವರ್‌ಗಳಿಗೂ ಪ್ರತ್ಯೇಕ ಆಕ್ಸಿಲರೇಟರ್ ಕಾರ್ಡ್ ಹಾಕುವುದುಂಟು.

ತಪ್ಪು ಕಲ್ಪನೆ: ಕ್ಲೌಡ್ ರಾನ್, ಓಪನ್ ರಾನ್ ಎರಡೂ ಒಂದೇ.

ವಾಸ್ತವ: ಮೊದಲನೆಯದು ಲೆಕ್ಕಾಚಾರ ಎಲ್ಲಿ, ಯಾವ ಯಂತ್ರದ ಮೇಲೆ ನಡೆಯುತ್ತದೆ ಎಂಬ ಪ್ರಶ್ನೆ. ಎರಡನೆಯದು ಒಬ್ಬರ ರೇಡಿಯೊ ಇನ್ನೊಬ್ಬರ ತಂತ್ರಾಂಶದೊಂದಿಗೆ ಹೊಂದುವಂತೆ ಮಾಡುವ ಮುಕ್ತ ಮಾನದಂಡ. ಆ ಮಾನದಂಡ ರೂಪಿಸುವ ಒ-ರಾನ್ ಅಲಯನ್ಸ್ ಹುಟ್ಟಿದ್ದು 2018ರಲ್ಲಿ. ಜಪಾನಿನ ರಾಕುಟೆನ್ 2020ರ ಏಪ್ರಿಲ್‌ನಲ್ಲಿ ವಾಣಿಜ್ಯ ಸೇವೆ ಆರಂಭಿಸಿದಾಗ ಎರಡನ್ನೂ ಜೊತೆಗೂಡಿಸಿತ್ತು. ಒಂದೇ ಕಂಪನಿಯ ಸಾಮಗ್ರಿಯಿಂದಲೂ ಕ್ಲೌಡ್ ರಾನ್ ಕಟ್ಟಬಹುದು.

ತಪ್ಪು ಕಲ್ಪನೆ: ಇದು ಬಂದರೆ ನೆಟ್‌ವರ್ಕ್ ಇಲ್ಲದ ಊರಿಗೂ ಸಿಗ್ನಲ್ ಬರುತ್ತದೆ.

ವಾಸ್ತವ: ಇದರ ಶಕ್ತಿ ಕಾಣುವುದು ಟವರ್‌ಗಳು ಒತ್ತೊತ್ತಾಗಿರುವ ಕಡೆ. ಎರಡು ಸೆಲ್‌ಗಳ ಗಡಿಯಲ್ಲಿ ನಿಂತ ಫೋನಿನ ದನಿಯನ್ನು ಎರಡೂ ಟವರ್‌ಗಳಿಂದ ಪಡೆದು ಒಂದೇ ಕಡೆ ಜೋಡಿಸಿ ಬಿಡಿಸಬಹುದು. ಆಗ ಪಕ್ಕದ ಸೆಲ್‌ನ ಅಡ್ಡಿಯೇ ನೆರವಾಗುತ್ತದೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯಂಥ ಜಾಗಕ್ಕೆ ಇದು ದೊಡ್ಡ ಲಾಭ.

ಮಲೆನಾಡಿನ ಕಣಿವೆಯ ಕಷ್ಟವೇ ಬೇರೆ. ಲಾಕ್‌ಡೌನ್ ಕಾಲದಲ್ಲಿ ಅಲ್ಲಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ನಾವು ಮರೆಯಬಾರದು. ಅವರಿಗೆ ಬೇಕಾದದ್ದು ಗುಡ್ಡದ ಆಚೆಗೊಂದು ಟವರ್, ಕರೆಂಟ್ ಹೋದಾಗ ಕೈಕೊಡದ ಬ್ಯಾಟರಿ, ಮತ್ತು ಹೊರಜಗತ್ತಿಗೊಂದು ಕೊಂಡಿ. ಫೈಬರ್ ಎಳೆಯಲಾಗದ ಕಡೆ ಆ ಕೊಂಡಿ ಮೈಕ್ರೊವೇವ್ ಆಗಿರಬಹುದು. ಗಿಗಾಬಿಟ್‌ಗಟ್ಟಲೆ ಕಚ್ಚಾ ಅಲೆಯನ್ನು ಹೊರಲು ಅದಕ್ಕೆ ಕಷ್ಟ, ಬಿಡಿಸಿದ ಡೇಟಾವನ್ನು ಆರಾಮಾಗಿ ಹೊರುತ್ತದೆ. ಅಂಥ ಊರುಗಳಲ್ಲಿ ಬೇಸ್‌ಬ್ಯಾಂಡ್ ಪೆಟ್ಟಿಗೆ ಟವರ್ ಬುಡದಲ್ಲೇ ಇರಲಿ.