ಉತ್ತರಕ್ಕೆ ಉಡುಪು ಬೇಕೆ?

ಕಾಗದ ಬರೆಯುವ ರೂಢಿಯೇ ಹೋಯಿತು ಎಂದು ಹಿರಿಯರು ಕೊರಗುವುದುಂಟು. ನಿಜವಾಗಿ ಹೋಗಿರುವುದು ಕಾಗದ ಮಾತ್ರ; ಬರೆಯುವುದು ಉಳಿದೇ ಇದೆ. ಕಾಲೇಜಿನ ಪ್ರವೇಶ, ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ಬ್ಯಾಂಕಿನ ವಿದ್ಯಾಭ್ಯಾಸ ಸಾಲ ಮುಂತಾದ ಎಲ್ಲಕ್ಕೂ ಈಗ ಇ-ಮೇಲ್ ಬರುತ್ತದೆ. ಮದ್ದೂರಿನಲ್ಲಾಗಲಿ ಮಳವಳ್ಳಿಯಲ್ಲಾಗಲಿ, ಅಪ್ಪ ಫೋನನ್ನು ಮಗನ ಕೈಗಿತ್ತು, "ಅದೇನ್ ಕೇಳವ್ರೆ ನೋಡಿ ಒಂದ್ ಉತ್ತರ ಹಾಕ್ಬುಡು ಮಗ" ಎನ್ನುವುದು ಸಾಮಾನ್ಯ. ಮಗನೂ ಎರಡು ನಿಮಿಷದಲ್ಲಿ ಉತ್ತರ ಹಾಕಿಬಿಡುತ್ತಾನೆ. ಆದರೆ ಹೋದ ಉತ್ತರ ಅತ್ತ ಕಡೆ ಹೇಗೆ ಕಾಣಿಸಿತು ಎಂದು ಯೋಚಿಸುವವರು ಕಡಿಮೆ.

ಇ-ಮೇಲ್ ಎರಡು ಬಗೆಯದು. ಒಂದು, ಬರಿಯ ಅಕ್ಷರ, ಅಂಕಿ ಮತ್ತು ಚಿಹ್ನೆಗಳಿಂದಾದದ್ದು. ಇದನ್ನು ಪ್ಲೇನ್ ಟೆಕ್ಸ್ಟ್ ಎನ್ನುತ್ತಾರೆ. ನಾವು ಸಾದಾ ಪತ್ರ ಎನ್ನೋಣ. ಇನ್ನೊಂದು, ದಪ್ಪ ಅಕ್ಷರ, ಬಣ್ಣ, ಕೋಷ್ಟಕ, ಚಿತ್ರ ಎಲ್ಲವನ್ನೂ ತೊಟ್ಟು ಬರುವ ಅಲಂಕೃತ ಪತ್ರ. ಜಾಲತಾಣಗಳ ಪುಟಗಳನ್ನು ರಚಿಸುವ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆಯಲ್ಲೇ ಇದೂ ಸಿದ್ಧವಾಗುತ್ತದೆ. ಉತ್ತರ ಬರೆಯುವಾಗ ಇವೆರಡರಲ್ಲಿ ಯಾವುದನ್ನು ಆರಿಸಬೇಕು? ಇದೇನು ದೊಡ್ಡ ವಿಷಯ ಎನ್ನಬೇಡಿ. ಕೆಲವೊಮ್ಮೆ ಪತ್ರದ ಅರ್ಥವೇ ಈ ಆಯ್ಕೆಯ ಮೇಲೆ ನಿಂತಿರುತ್ತದೆ.

ಬಣ್ಣದ ಜೊತೆ ಅರ್ಥವೂ ಹೋದಾಗ

ಮೂರು ಉದಾಹರಣೆಗಳನ್ನು ನೋಡೋಣ. ಕಾಲೇಜಿನಿಂದ ಆರು ಪ್ರಶ್ನೆಗಳ ಪತ್ರ ಬಂದಿದೆ. ವಿದ್ಯಾರ್ಥಿಯು ಪ್ರತಿ ಪ್ರಶ್ನೆಯ ಕೆಳಗೆ ನೀಲಿ ಬಣ್ಣದಲ್ಲಿ ಉತ್ತರ ತುಂಬಿ, "ನನ್ನ ಉತ್ತರಗಳು ನೀಲಿಯಲ್ಲಿವೆ" ಎಂದು ಬರೆದು ಕಳುಹಿಸುತ್ತಾನೆ. ಕಚೇರಿಯವರು ಅದನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ಕಡತಕ್ಕೆ ಸೇರಿಸುತ್ತಾರೆ. ಆಗ ಪ್ರಶ್ನೆ ಯಾವುದು, ಉತ್ತರ ಯಾವುದು?

ಎರಡನೆಯದು ಶುಲ್ಕದ ವಿಷಯ. ಬರೆದವರು 5000 ಎಂಬ ಅಂಕಿಯ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲೇ 3000 ಎಂದು ತಿದ್ದಿದ್ದಾರೆ. ಅಡ್ಡಗೆರೆಯೂ ಒಂದು ಅಲಂಕಾರವೇ ಸರಿಯಷ್ಟೆ? ಪತ್ರವು ಸಾದಾ ರೂಪಕ್ಕೆ ಇಳಿದಾಗ ಗೆರೆ ಮಾಯವಾಗಿ 5000 3000 ಎಂದು ಉಳಿಯುತ್ತದೆ. ಕಟ್ಟಬೇಕಾದದ್ದು ಎಷ್ಟು?

ಮೂರನೆಯದು ನಮ್ಮ ವಿಜ್ಞಾನದ ತರಗತಿಯದು. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 × 10⁸ ಮೀಟರ್. ಈ ಮೇಲಿನ 8ನ್ನು ಅನೇಕರು ತಂತ್ರಾಂಶದ ಗುಂಡಿ ಒತ್ತಿ ಮೇಲಕ್ಕೆ ಏರಿಸಿರುತ್ತಾರೆ. ಅಲಂಕಾರ ಕಳಚಿದರೆ ಅದು ಕೆಳಕ್ಕಿಳಿದು 3 × 108 ಆಗುತ್ತದೆ, ಅಂದರೆ 324 ಮೀಟರ್! ಗಾಳಿಯಲ್ಲಿ ಶಬ್ದದ ವೇಗವೇ ಸೆಕೆಂಡಿಗೆ ಸುಮಾರು 340 ಮೀಟರ್. ಒಂದು ಉತ್ತರ ಕಳುಹಿಸುವಷ್ಟರಲ್ಲಿ ಬೆಳಕು ಶಬ್ದಕ್ಕಿಂತ ನಿಧಾನವಾಗಿಬಿಟ್ಟಿತು.

ಈ ಮೂರರಲ್ಲೂ ಅಕ್ಷರಗಳು ಸುರಕ್ಷಿತವಾಗಿ ತಲುಪಿವೆ. ಕಳೆದುಹೋದದ್ದು ಉಡುಪು. ಬರೆದವರು ಅರ್ಥವನ್ನು ಉಡುಪಿನ ಕಿಸೆಯಲ್ಲಿ ಇಟ್ಟದ್ದರಿಂದ ಅದೂ ಜೊತೆಗೇ ಹೋಯಿತು.

ಒಂದೇ ಲಕೋಟೆ, ಎರಡು ಪ್ರತಿ

ಅಲಂಕಾರ ಕಳಚುವುದಾದರೂ ಹೇಗೆ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಜಾಲದ ಮೂಲಕ ಒಂದು ಗಣಕದಿಂದ ಮತ್ತೊಂದಕ್ಕೆ ಇ-ಮೇಲ್ ಕಳುಹಿಸಿದಾಗ ಅದರಲ್ಲಿದ್ದದ್ದು ಬರಿಯ ಅಕ್ಷರಗಳು. 1982ರಲ್ಲಿ ಇ-ಮೇಲ್ ಸಾಗಣೆಗೆ ಬರೆದಿಟ್ಟ ನಿಯಮಗಳೂ ಆಸ್ಕಿ ಎಂಬ ಸಂಕೇತಪಟ್ಟಿಯನ್ನೇ ನೆಚ್ಚಿದ್ದವು. ಆಸ್ಕಿಯಲ್ಲಿ ಇರುವುದು ಒಟ್ಟು 128 ಮನೆಗಳು. ರೋಮನ್ ಲಿಪಿಯ ದೊಡ್ಡ 'ಎ'ಗೆ 65, 'ಬಿ'ಗೆ 66, ಹೀಗೆ. ಅಲ್ಲಿ ಫ್ರೆಂಚ್ ಭಾಷೆಯ ಒತ್ತುಗಳಿಗೇ ಜಾಗವಿರಲಿಲ್ಲ. ಕನ್ನಡದ ಮಾತು ದೂರವೇ ಉಳಿಯಿತು.

1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು 'ಮೈಮ್' ಎಂಬ ಹೊಸ ವ್ಯವಸ್ಥೆಯನ್ನು ಪ್ರಕಟಿಸಿದರು. ಚಿತ್ರ, ಧ್ವನಿ, ಬೇರೆ ಬೇರೆ ಲಿಪಿಗಳು ಇ-ಮೇಲ್‌ನಲ್ಲಿ ಸಾಗಲು ದಾರಿಯಾದದ್ದು ಇದರಿಂದ. ಇದರಲ್ಲಿ ಒಂದು ಜಾಣ ಏರ್ಪಾಡಿದೆ. ಒಂದೇ ಲಕೋಟೆಯಲ್ಲಿ ಒಂದೇ ಪತ್ರದ ಎರಡು ಪ್ರತಿಗಳನ್ನು ಇಡಬಹುದು: ಮೊದಲು ಸಾದಾ ಪ್ರತಿ, ನಂತರ ಅಲಂಕೃತ ಪ್ರತಿ. ತಲುಪಿದ ಕಡೆಯ ತಂತ್ರಾಂಶವು ತನಗೆ ಅರ್ಥವಾಗುವ ಕೊನೆಯ ಪ್ರತಿಯನ್ನು ತೋರಿಸುತ್ತದೆ. ನಾವು ಇಂದು ಬಳಸುವ ಬಹುತೇಕ ತಂತ್ರಾಂಶಗಳು ನಮಗೆ ಹೇಳದೆಯೇ ಹೀಗೆ ಎರಡು ಪ್ರತಿ ಕಳುಹಿಸುತ್ತವೆ. ನಾವು ಬರೆದದ್ದು ಅಲಂಕೃತ ಪ್ರತಿ. ಅದರ ಸಿಪ್ಪೆ ಸುಲಿದು ಸಾದಾ ಪ್ರತಿ ಮಾಡುವುದು ಯಂತ್ರ. ನೀಲಿ ಬಣ್ಣ, ಅಡ್ಡಗೆರೆ, ಮೇಲೇರಿದ 8 ಕಳಚಿಬೀಳುವುದು ಇಲ್ಲಿಯೇ. ಅತ್ತಲಿನವರು ಯಾವ ಪ್ರತಿಯನ್ನು ನೋಡುತ್ತಾರೆ, ಅದನ್ನು ಇನ್ನಾವ ಅರ್ಜಿಗೆ ನಕಲು ಮಾಡಿ ಅಂಟಿಸುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ.

ಕನ್ನಡವೇ ಉಡುಪಾಗಿದ್ದ ಕಾಲ

ಇಂಗ್ಲಿಷ್ ಬರೆಯುವವರಿಗೆ ಅಲಂಕಾರ ಹೋದರೆ ಬಣ್ಣ ಹೋಗುತ್ತಿತ್ತು. ಕನ್ನಡ ಬರೆಯುವವರಿಗೆ ಕನ್ನಡವೇ ಹೋಗುತ್ತಿತ್ತು! ಇದು ಹೇಗೆಂದು ಇಂದಿನ ಮಕ್ಕಳು ತಿಳಿಯಬೇಕು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ 'ಶೆಲ್' ಎಂಬ ಬಗೆಯ ಖಾತೆಗಳಿದ್ದವು. ಅವುಗಳಲ್ಲಿ ಪರದೆಯ ಮೇಲೆ ಬರಿಯ ಅಕ್ಷರಗಳಷ್ಟೇ ಮೂಡುತ್ತಿದ್ದವು, ಚಿತ್ರಗಳಿಗೆ ಅವಕಾಶವಿರಲಿಲ್ಲ. ಹೊರದೇಶದಲ್ಲಿದ್ದ ಕನ್ನಡಿಗರು ಮನೆಗೆ ಕನ್ನಡದ ಮಾತನ್ನು ರೋಮನ್ ಲಿಪಿಯಲ್ಲಿ ಬರೆಯುವುದು ಆಗ ರೂಢಿಯಾಯಿತು.

ಈ ಕೊರತೆಯನ್ನು ನೀಗಲು ಕನ್ನಡಿಗರೇ ಶ್ರಮಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಅದರ ಕೀಲಿಮಣೆಗೆ ಆಧಾರವಾದದ್ದು ಕೆ.ಪಿ. ರಾವ್ ಅವರ ವಿನ್ಯಾಸ. ಕನ್ನಡದಲ್ಲಿ ಬೆರಳಚ್ಚು ಮಾಡುವುದು ಮನೆಮನೆಯ ಮಾತಾದದ್ದು ಇಂಥವರ ಉಪಕಾರದಿಂದ.

ಆದರೆ ಆ ಕಾಲದ ಫಾಂಟುಗಳು ಒಂದು ಉಪಾಯವನ್ನು ಅವಲಂಬಿಸಿದ್ದವು. ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಮನೆಗಳಲ್ಲೇ ಕನ್ನಡ ಅಕ್ಷರದ ತುಂಡುಗಳ ಚಿತ್ರ ಕೂರಿಸುವುದು. ಗಣಕಕ್ಕೆ ಗೊತ್ತಿದ್ದದ್ದು ರೋಮನ್. ನಮ್ಮ ಕಣ್ಣಿಗೆ ಕಂಡದ್ದು ಕನ್ನಡ. ಅಲಂಕೃತ ಪತ್ರದಲ್ಲಿ ಫಾಂಟಿನ ಹೆಸರೂ ಜೊತೆಗೆ ಹೋಗುವುದರಿಂದ, ಅದೇ ಫಾಂಟ್ ಇದ್ದವರಿಗೆ ಕನ್ನಡ ಕಾಣುತ್ತಿತ್ತು. ಸಾದಾ ಪತ್ರದಲ್ಲಿ ಫಾಂಟಿನ ಹೆಸರಿಗೆ ಜಾಗವೇ ಇಲ್ಲ. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದದ್ದು ಸಾದಾ ರೂಪದಲ್ಲಿ ರೋಮನ್ನಿನ 'ಪಿ'ಯಿಂದ ಆರಂಭವಾಗಿ, ನಡುವೆ ಇಂಗ್ಲೆಂಡಿನ ಪೌಂಡ್ ಗುರುತನ್ನೂ ಆಚೀಚೆ ಒತ್ತು ಹೊತ್ತ 'ಎ'ಗಳನ್ನೂ ತೋರಿಸುತ್ತದೆ. ಓದುವವರಿಗೆ ಅದು ಶುದ್ಧ ಹುಚ್ಚುಬರಹ. ಕನ್ನಡ ಪತ್ರಕ್ಕೆ ಸಾದಾ ರೂಪದಲ್ಲಿ ಉತ್ತರಿಸಿದರೆ ಕೆಳಗೆ ಉಳಿಯುವ ಮೂಲ ಪತ್ರವೂ ಹೀಗೆಯೇ ಕೆಡುತ್ತಿತ್ತು.

ನಮ್ಮೂರಿನ ಆಲೆಮನೆಗೆ ಹೋಲಿಸಿ ನೋಡಿ. ಅಚ್ಚು ಬೆಲ್ಲವಾಗಲಿ, ಬಕೆಟ್ ಬೆಲ್ಲವಾಗಲಿ, ಆಕಾರ ಒಡೆದು ಪುಡಿ ಮಾಡಿದರೂ ಬಾಯಿಗೆ ಸಿಹಿಯೇ. ಹಳೆಯ ಫಾಂಟಿನ ಕನ್ನಡದಲ್ಲಾದರೋ ಆಕಾರ ಮಾತ್ರ ಬೆಲ್ಲದ್ದು. ಒಡೆದರೆ ಒಳಗೆ ಬೇರೆಯೇ ಪದಾರ್ಥ.

ಮೈಯೇ ಕನ್ನಡವಾದದ್ದು

ಇದಕ್ಕೆ ಪರಿಹಾರ ಯೂನಿಕೋಡ್. ಜಗತ್ತಿನ ಪ್ರತಿಯೊಂದು ಲಿಪಿಗೂ ಅದರದೇ ಸಂಖ್ಯೆಗಳನ್ನು ಕೊಡುವ ಈ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡ ಅದರಲ್ಲಿತ್ತು. ಕನ್ನಡಕ್ಕೆಂದು 128 ಮನೆಗಳನ್ನು ಮೀಸಲಿಟ್ಟರು. 'ಕ' ಅಕ್ಷರದ ಸಂಖ್ಯೆ 3221. ಇದು ಇನ್ನಾವ ಅಕ್ಷರಕ್ಕೂ ಇಲ್ಲ. ಸಾಮಾನ್ಯರ ಗಣಕಕ್ಕೆ ಇದು ಬರಲು ಹತ್ತು ವರ್ಷ ಬೇಕಾಯಿತು: 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಕನ್ನಡ ಫಾಂಟಿನೊಂದಿಗೆ ಬಂತು.

ಪುಟ್ಟ ಲೆಕ್ಕ ಮಾಡೋಣ. 'ಮಂಡ್ಯ' ಎಂಬ ಪದದಲ್ಲಿ ಮ, ಅನುಸ್ವಾರ, ಡ, ಅದಕ್ಕೆ ಯಕಾರವನ್ನು ಕೂಡಿಸುವ ವಿರಾಮ ಚಿಹ್ನೆ, ಯ, ಹೀಗೆ ಐದು ಸಂಕೇತಗಳಿವೆ. ಇ-ಮೇಲ್‌ನಲ್ಲಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. ಒಟ್ಟು 15 ಬೈಟ್. ರೋಮನ್ ಅಕ್ಷರಗಳಿಗಷ್ಟೇ ಹಾಕಿದ್ದ ಹಳೆಯ ದಾರಿಯಲ್ಲಿ ಇವು ಸಾಗಬೇಕಾದರೆ, ಪ್ರತಿ 3 ಬೈಟನ್ನು 4 ರೋಮನ್ ಗುರುತುಗಳಾಗಿ ಮೂಟೆ ಕಟ್ಟುತ್ತಾರೆ. 15 ಇದ್ದದ್ದು 20 ಆಗುತ್ತದೆ. ತಲುಪಿದ ಮೇಲೆ ಮೂಟೆ ಬಿಚ್ಚಿದರೆ ಮತ್ತೆ 'ಮಂಡ್ಯ'. ಈಗ ಸಾದಾ ಪತ್ರದಲ್ಲೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ಅದನ್ನು ಹುಡುಕಬಹುದು, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಅದನ್ನು ಕನ್ನಡದಲ್ಲೇ ಓದಬಲ್ಲದು. ಹಳೆಯ ಫಾಂಟಿನ ಬರಹ ಅವರಿಗೆ ಅರ್ಥವಿಲ್ಲದ ರೋಮನ್ ಸದ್ದು.

ಹಾಗಾದರೆ ಸಮಸ್ಯೆ ಮುಗಿಯಿತೆ? ಪೂರ್ತಿ ಇಲ್ಲ. ಅರ್ಜಿಯನ್ನು ಟೈಪಿಂಗ್ ಅಂಗಡಿಯಲ್ಲಿ ಮಾಡಿಸುವವರು ಇನ್ನೂ ಇದ್ದಾರೆ, ಹಳೆಯ ಫಾಂಟುಗಳೂ ಬಳಕೆಯಲ್ಲಿವೆ. ಆ ಕಡತದಿಂದ ನಕಲು ಮಾಡಿ ಇ-ಮೇಲ್‌ಗೆ ಅಂಟಿಸಿದರೆ ಹಳೆಯ ಕಥೆಯೇ ಮತ್ತೆ. ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಅಂಗಡಿಯವರು ಕೊಟ್ಟ ಕಡತದ ಒಂದು ಸಾಲನ್ನು ಫೋನಿನ ಸಂದೇಶದಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಹುಚ್ಚುಬರಹವಾದರೆ, ಯೂನಿಕೋಡಿಗೆ ಪರಿವರ್ತಿಸಿ ಕೊಡುವಂತೆ ಕೇಳಿ, ಅದಕ್ಕೆ ತಂತ್ರಾಂಶಗಳಿವೆ.

ಪೋಷಕರ ಗಮನಕ್ಕೆ

ಅಲಂಕೃತ ಪತ್ರಕ್ಕೆ ಇನ್ನೊಂದು ಮುಖವಿದೆ. ಅದರಲ್ಲಿ ಕಾಣುವ ಪದಗಳೇ ಬೇರೆ, ಅದರ ಹಿಂದಿನ ವಿಳಾಸವೇ ಬೇರೆ ಇರಬಹುದು. "ವಿದ್ಯಾರ್ಥಿವೇತನಕ್ಕೆ ಇಲ್ಲಿ ಒತ್ತಿ" ಎಂಬ ಅಂದದ ಗುಂಡಿಯ ಹಿಂದೆ ವಂಚಕರ ತಾಣ ಅಡಗಿರಲು ಸಾಧ್ಯ. ಸಾದಾ ಪತ್ರದಲ್ಲಿ ವಿಳಾಸ ಬೆತ್ತಲೆಯಾಗಿ ಕಾಣುತ್ತದೆ. ಹೆಸರು ಸರಿಯಿಲ್ಲದಿದ್ದರೆ ಕಣ್ಣಿಗೆ ಬೀಳುತ್ತದೆ. ಅಲ್ಲದೆ, ಅಲಂಕೃತ ಪತ್ರದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವನ್ನು ಇಟ್ಟು, ಪತ್ರ ತೆರೆದೊಡನೆ ಆ ಚಿತ್ರವನ್ನು ತರಿಸಿಕೊಳ್ಳುವಂತೆ ಮಾಡಿ, ನೀವು ಓದಿದಿರೆಂದು ತಿಳಿದುಕೊಳ್ಳುವವರೂ ಇದ್ದಾರೆ. ಅನುಮಾನವಿರುವ ಪತ್ರಕ್ಕೆ ಸಾದಾ ರೂಪದಲ್ಲೂ ಉತ್ತರ ಬೇಡ. ಕಾಲೇಜಿಗೋ ಬ್ಯಾಂಕಿಗೋ ನೇರವಾಗಿ ವಿಚಾರಿಸಿ.

ಯಾವಾಗ ಯಾವುದು?

ಉತ್ತರ ಕೆಲವೇ ಸಾಲುಗಳದ್ದಾದರೆ ಸಾದಾ ಪತ್ರವೇ ಉತ್ತಮ. ಹಗುರ, ಸ್ಪಷ್ಟ, ಯಾವ ಯಂತ್ರದಲ್ಲೂ ಒಂದೇ ಅರ್ಥ. ಪ್ರಶ್ನೆಯ ಕೆಳಗೇ ಉತ್ತರ ತುಂಬುವಾಗ ಬಣ್ಣ ಬೇಡ. "ಪ್ರಶ್ನೆ 1", "ಉತ್ತರ 1" ಎಂದು ಬರೆಯಿರಿ. ಸಾದಾ ಪತ್ರದಲ್ಲಿ ಮೂಲ ಪತ್ರದ ಸಾಲುಗಳ ಮುಂದೆ > ಎಂಬ ಗುರುತು ಇರುತ್ತದೆ. ಗಣಿತದಲ್ಲಿ 'ಹೆಚ್ಚು' ಎನ್ನಲು ಬಳಸುವ ಅದೇ ಗುರುತು. ಅದನ್ನು ಅಳಿಸಬೇಡಿ, ಯಾರ ಮಾತು ಯಾವುದು ಎಂದು ತಿಳಿಯಲಿ. ತಿದ್ದಿದ ಅಂಕಿಯನ್ನು "5000 ಅಲ್ಲ, 3000" ಎಂದು ಮಾತಿನಲ್ಲೇ ಹೇಳಿ. ಘಾತವನ್ನು 10^8 ಎಂದು ಬರೆಯಿರಿ. ಅಥವಾ ಯೂನಿಕೋಡಿನಲ್ಲೇ ಇರುವ ಮೇಲಿನ ಪುಟ್ಟ ⁸ ಅಕ್ಷರವನ್ನು ಬಳಸಿ, ಅದು ಕೆಳಕ್ಕಿಳಿಯುವುದಿಲ್ಲ.

ಅಂಕಪಟ್ಟಿಯಂಥ ಕೋಷ್ಟಕವಿದ್ದರೆ ಅಲಂಕೃತ ರೂಪವೇ ಬೇಕು. ಸಾದಾ ಪತ್ರದಲ್ಲಿ ಕಂಬಸಾಲುಗಳು ಕಲಸಿಹೋಗಿ ಗಣಿತದ ಅಂಕ ಕನ್ನಡಕ್ಕೆ ಸೇರಬಹುದು. ಬಂದ ಪತ್ರದಲ್ಲೇ ಕೋಷ್ಟಕವಿದ್ದು ಅದು ಉತ್ತರದ ಕೆಳಗೆ ಹಾಗೆಯೇ ಉಳಿಯಬೇಕಾದಾಗಲೂ ರೂಪ ಬದಲಿಸಬೇಡಿ. ಸಾಮಾನ್ಯವಾಗಿ ಬಂದ ರೂಪದಲ್ಲೇ ಉತ್ತರಿಸುವುದು ಮರ್ಯಾದೆ; ಸಾದಾ ಪತ್ರ ಬರೆದವರಿಗೆ ಬಣ್ಣದ ಉತ್ತರ ಹೋಗುವುದು ಬೇಡ. ಜಿಮೇಲ್ ಬಳಸುವವರು ಗಣಕದಲ್ಲಿ ಬರೆಯುವ ಚೌಕದ ಕೆಳಗಿನ ಮೂರು ಚುಕ್ಕೆಗಳನ್ನು ಒತ್ತಿದರೆ 'ಪ್ಲೇನ್ ಟೆಕ್ಸ್ಟ್ ಮೋಡ್' ಸಿಗುತ್ತದೆ.

"ದಪ್ಪ ಅಕ್ಷರವಿಲ್ಲದೆ ಒತ್ತಿ ಹೇಳುವುದು ಹೇಗೆ?" ಎಂದು ಮಕ್ಕಳು ಕೇಳಬಹುದು. ಅದಕ್ಕೆ ನಮ್ಮ ವ್ಯಾಕರಣದಲ್ಲೇ ಉಪಾಯವಿದೆ: ಅವಧಾರಣೆಯ 'ಏ'ಕಾರ. "ಸೋಮವಾರ ಶುಲ್ಕ ಕಟ್ಟುತ್ತೇನೆ" ಎನ್ನುವುದಕ್ಕೂ "ಸೋಮವಾರವೇ ಶುಲ್ಕ ಕಟ್ಟುತ್ತೇನೆ" ಎನ್ನುವುದಕ್ಕೂ ಇರುವ ವ್ಯತ್ಯಾಸ ಯಾವ ಬಣ್ಣಕ್ಕಿಂತಲೂ ಗಾಢ. ಈ ಒತ್ತು ಅಕ್ಷರದೊಳಗೇ ಇರುವುದರಿಂದ ಯಾವ ತಂತ್ರಾಂಶವೂ ಅದನ್ನು ಸುಲಿಯಲಾರದು.

ಮುಂದಿನ ಸಲ ಕಾಲೇಜಿಗೋ ಕಚೇರಿಗೋ ಉತ್ತರ ಬರೆದಾಗ, ಕಳುಹಿಸುವ ಮೊದಲು ಅದನ್ನು ಒಮ್ಮೆ ಸಾದಾ ರೂಪಕ್ಕೆ ತಂದು ಮನೆಯವರೊಬ್ಬರಿಗೆ ಓದಲು ಕೊಡಿ. ಅವರಿಗೆ ಪೂರ್ತಿ ಅರ್ಥವಾದರೆ ಯಾವ ರೂಪದಲ್ಲಿ ಕಳುಹಿಸಿದರೂ ಚಿಂತೆಯಿಲ್ಲ. ಅರ್ಥವಾಗದಿದ್ದರೆ ಮಾತುಗಳನ್ನೇ ಸರಿಪಡಿಸಿ, ಬಣ್ಣವನ್ನಲ್ಲ.