ಕಾರಿಗೆ ಜ್ವರ ಬಂದಾಗ

ಸೋದರಿಯರೇ, "ಅಡಿಗೆಮನೆಯವಳಿಗೆ ಕಾರಿನ ಸಮಾಚಾರ ಯಾಕಂತೆ?" ಎಂದು ನಗಬೇಡಿ. ಕಳೆದ ಬೇಸಿಗೆಯವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಗಾಡಿ ನಮ್ಮ ಮನೆಯವರ ಖಾತೆ. ಬುತ್ತಿ ಗಂಟು ಹಿಡಿದು ಹಿಂದೆ ಕೂರುವುದಷ್ಟೇ ನನ್ನ ಕೆಲಸ.

ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಾಟಿ ಹತ್ತಿ ಬರುತ್ತಿದ್ದೆವು. ಹಳೆಯ ಪುಟ್ಟ ಕಾರು, ಐದು ಜನ, ಮೇಲೆ ಏ.ಸಿ. ಬೇರೆ. ಅರ್ಧ ದಾರಿಯಲ್ಲಿ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ! ಇಳಿದವರೇ ನಮ್ಮ ಮನೆಯವರು ಟವೆಲ್ ಸುತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. "ಅಯ್ಯೋ, ಪ್ರೆಷರ್ ಇಳಿಯೋ ಮುಂಚೆ ಕುಕ್ಕರ್ ತೆಗೀತೀರೇನ್ರೀ?" ಎಂದು ಕೂಗಿಕೊಂಡೆ. ಅವರು ಕೈ ಹಿಂದೆ ತೆಗೆದರು.

ಬಾಯಿಗೆ ಬಂದದ್ದನ್ನು ಅಂದೆ, ಆದರೆ ಅದೇ ಸರಿಯಾಗಿತ್ತು. ರೇಡಿಯೇಟರ್ ಎಂದರೆ ಕುಕ್ಕರೇ. ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣವೇ ಉಕ್ಕಿ ಮುಖಕ್ಕೆ ಹಾರುತ್ತದೆ. ಎಂಜಿನ್ ನಿಲ್ಲಿಸಿ, ಹಬೆ ಅಡಗಿದ ಮೇಲೆ ಬಾನೆಟ್ ಎತ್ತಿ, ಅರ್ಧ ಮುಕ್ಕಾಲು ಗಂಟೆಯಾದರೂ ಕಾಯಬೇಕು. ಪೂರ್ತಿ ಆರುವ ಮೊದಲು ತಣ್ಣೀರು ಸುರಿಯಲೂಬಾರದು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕೇ?

ಗಾಡಿಯನ್ನು ಎಳೆಸಿಕೊಂಡು ಊರಿನ ಗ್ಯಾರೇಜೊಂದಕ್ಕೆ ತಂದೆವು. ಆತ ಬಾನೆಟ್ ಎತ್ತಿ ಒಮ್ಮೆ ಇಣುಕಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಅಕ್ಕಾ, ಎಂಜಿನ್ ಬಿಚ್ಚಬೇಕು. 22 ಸಾವಿರ ಆಗತ್ತೆ" ಎಂದ. ಬೀರುವಿನಲ್ಲಿ ಮಗಳ ಕಾಲೇಜು ಫೀಜಿಗೆಂದು ಕೂಡಿಟ್ಟಿದ್ದ 25 ಸಾವಿರ ಕಣ್ಣ ಮುಂದೆ ಬಂತು. ನಮ್ಮ ಮನೆಯವರು ಆಗಲೇ ತಲೆಯಾಡಿಸಿಯಾಗಿತ್ತು. "ಒಂದು ದಿನ ತಾಳಿ" ಎಂದೆ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಸೋದರಮಾವನಿಗೆ ಫೋನ್ ಮಾಡಿದೆ. "ದುಡುಕಬೇಡ ಕಣಮ್ಮ. ಆಯಿಲ್ ಅಳೆಯೋ ಕಡ್ಡಿ ತೆಗೆದು ನೋಡು. ಆಯಿಲ್ ಹಾಲು ಬೆರೆಸಿದ ಕಾಫಿ ತರಹ ಕದಡಿದ್ರೆ, ಸೈಲೆನ್ಸರಿಂದ ದಟ್ಟ ಬಿಳಿ ಹೊಗೆ ನಿಲ್ಲದೆ ಬಂದ್ರೆ, ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬಹುದು" ಎಂದರು. ನೋಡಿದೆ. ಆಯಿಲ್ ಕಪ್ಪಗಿತ್ತು, ಕದಡಿರಲಿಲ್ಲ.

ಪಕ್ಕದ ಬೀದಿಯ ಇನ್ನೊಂದು ಗ್ಯಾರೇಜಿಗೆ ಗಾಡಿ ತಳ್ಳಿಸಿದೆವು. ಅಲ್ಲಿನ ಹಿರಿಯರು ಮೊದಲು ನೀರು ತುಂಬಿ, ಪಂಪಿನಿಂದ ಗಾಳಿಯ ಒತ್ತಡ ಕೊಟ್ಟು ಎಲ್ಲೂ ಸೋರುವುದಿಲ್ಲವೆಂದು ತೋರಿಸಿದರು. ಆಮೇಲೆ ಎಂಜಿನ್ ಚಾಲೂ ಮಾಡಿದರು. ಮುಳ್ಳು ಮೇಲೇರಿದರೂ ರೇಡಿಯೇಟರ್ ತಣ್ಣಗೇ ಇತ್ತು! "ನೋಡಮ್ಮ, ಬಿಸಿನೀರು ಇಲ್ಲಿಗೆ ಬರ್ತಾನೇ ಇಲ್ಲ. ಥರ್ಮೋಸ್ಟಾಟ್ ಕಚ್ಚಿಕೊಂಡಿದೆ." ನೀರು ಕಾದಾಗ ತಾನೇ ತೆರೆಯುವ ಪುಟ್ಟ ಬಾಗಿಲು ಅದು. ಹೊಸದು, ಕೂಲಂಟ್, ಕೂಲಿ ಎಲ್ಲ ಸೇರಿ 1,900 ರೂಪಾಯಿ.

ಹಳೆಯದನ್ನು ಮನೆಗೆ ತಂದು ಗುಜರಿಗೆ ಹಾಕಬೇಕೆಂದಿದ್ದ ಪಾತ್ರೆಯಲ್ಲಿ ಕುದಿಸಿದೆ. ನೀರು ಕುದಿಯುವ ಮೊದಲೇ ತೆರೆಯಬೇಕಾದ್ದು, ಮರಳಿ ಮರಳಿ ಕುದಿದರೂ ತೆರೆಯಲಿಲ್ಲ. ನಮ್ಮ ಮನೆಯವರು ಮಾತಿಲ್ಲದೆ ನೋಡುತ್ತಾ ನಿಂತರು!

ಮೊದಲನೆಯವನು ಸುಳ್ಳೇ ಹೇಳಿದನೆನ್ನಲಾರೆ. ಮುಳ್ಳು ಏರಿದ ಮೇಲೂ ಹಟ ಹಿಡಿದು ಓಡಿಸಿದ್ದರೆ ಗ್ಯಾಸ್ಕೆಟ್ ನಿಜಕ್ಕೂ ಸುಟ್ಟಿರುತ್ತಿತ್ತು. ಪರೀಕ್ಷೆ ಮಾಡದೆ ಹೇಳಿದ್ದೇ ಅವನ ತಪ್ಪು.

ಇಷ್ಟನ್ನು ನೆನಪಿಡಿ:

* ಮುಳ್ಳು 'ಎಚ್' ಕಡೆ ಸರಿದರೆ ಏ.ಸಿ. ನಿಲ್ಲಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿ. ಸೆಕೆಯಾದರೂ ಎಂಜಿನ್ನಿನ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಕೂಡಲೇ ಪಕ್ಕಕ್ಕೆ ನಿಲ್ಲಿಸಿ.

* ನಿಂತಲ್ಲಿ, ಸಂತೆಬೀದಿಯ ಸಂದಣಿಯಲ್ಲಿ ಮಾತ್ರ ಕಾದು, ಓಡುವಾಗ ತಣ್ಣಗಾದರೆ ಫ್ಯಾನಿನ ಮೇಲೆ ಅನುಮಾನ. ಏ.ಸಿ. ಹಾಕಿದಾಗ ಮುಂದಿನ ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿಸಿ. ಎಂಜಿನ್ ನಿಂತಿದ್ದರೂ ಫ್ಯಾನ್ ತಾನೇ ತಿರುಗೀತು, ಕೈ ಸೆರಗು ದೂರವಿರಲಿ.

* ಏರಿನಲ್ಲಿ, ದೂರದ ಓಟದಲ್ಲಿ ಕಾದರೆ ರೇಡಿಯೇಟರ್ ಕಟ್ಟಿರಬಹುದು, ಕೂಲಂಟ್ ಕಡಿಮೆಯಿರಬಹುದು. ಗಾಡಿ ನಿಂತ ಜಾಗದಲ್ಲಿ ಹಸಿರು ಅಥವಾ ಕೆಂಪು ತೊಟ್ಟು ಬಿದ್ದಿದ್ದರೆ ಸೋರಿಕೆ.

* ಬರೀ ನೀರು ಆಪತ್ತಿಗೆ ಮಾತ್ರ. ದಿನವೂ ಅದೇ ಆದರೆ ಒಳಗೆ ತುಕ್ಕು. ಕೂಲಂಟ್ ವಿಷ, ರುಚಿ ಸಿಹಿ. ಮಕ್ಕಳಿಗೆ, ನಾಯಿಬೆಕ್ಕಿಗೆ ಸಿಗದಂತೆ ಇಡಿ.

* ಗ್ಯಾರೇಜಿನಲ್ಲಿ ರೋಗದ ಹೆಸರು ನೀವು ಹೇಳಬೇಡಿ, ಲಕ್ಷಣ ಹೇಳಿ. ಯಾವಾಗ, ಎಲ್ಲಿ, ಏ.ಸಿ. ಇತ್ತೇ ಎಂದು, ಡಾಕ್ಟರಿಗೆ ಹೇಳುವಂತೆ. "ಹೇಗೆ ಗೊತ್ತಾಯ್ತು, ತೋರಿಸಿ" ಎಂದು ಕೇಳಲು ಸಂಕೋಚ ಬೇಡ.

* ಸಾಮಾನಿಗೆಷ್ಟು, ಕೂಲಿಗೆಷ್ಟು ಎಂದು ಬೇರೆಬೇರೆ ಬರೆಸಿಕೊಳ್ಳಿ. "ಕೇಳದೆ ಬೇರೆ ಕೆಲಸ ಮಾಡಬೇಡಿ" ಎಂದು ಮೊದಲೇ ಹೇಳಿ. ಹಳೆಯ ಸಾಮಾನು, ಬಿಲ್ಲು ಎರಡನ್ನೂ ಕೇಳಿ ಪಡೆಯಿರಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ಲಿದ್ದರೆ ಮಾತಿಗೆ ಬಲ.

ಮಗಳ ಫೀಜು ಹೊತ್ತಿಗೆ ಸರಿಯಾಗಿ ಕಟ್ಟಿದೆವು. ಈಗ ನಾನು ಕೂರುವುದು ಮುಂದಿನ ಸೀಟಿನಲ್ಲಿ. ಒಲೆಯ ಮೇಲಿನ ಹಾಲಿನ ಮೇಲೆ ಇಡುವ ಕಣ್ಣನ್ನೇ ಆ ಮುಳ್ಳಿನ ಮೇಲೂ ಇಟ್ಟಿರುತ್ತೇನೆ. ಉಕ್ಕುವ ಮೊದಲೇ ಇಳಿಸುವುದು ನಮಗೆ ಯಾರೂ ಕಲಿಸಬೇಕಿಲ್ಲವಲ್ಲ!